ಬಣ್ಣ ಹೇಳೋ ಬೀರ್ಯಾ

ಮೊದಲ ನನ್ನ ಮೂರ್ಖತನ ಹೇಳಿಬಿಡ್ತೇನಿ, ಆಮ್ಯಾಲ ನನ್ನ ಮಾತು ಕೇಳೋದು ಬಿಡೋದು ನಿಮಗ ಬಿಟ್ಟದ್ದು. ಕಂಬಾರರ ಕುಲಮಿಗೆ ಸೇರಿದ ಮೊದಲನೇ ವಾರದಾಗ ನಾ ಕಾದ ಕಬ್ಬಿಣದ ಮ್ಯಾಲ ಕುಂತೆ.

ಎಡವಿ ಬಿದ್ದು ಕುಂತಿದ್ದಲ್ಲ. ಧೋತರ ಸರಿ ಮಾಡಿಕೊಂಡು, ಕೈಯಾಗ ಚಾದ ಬಸಿ ಹಿಡಕೊಂಡು, ಊರ ಗೌಡನಂಗ ಆರಾಮ ಕುಂತೆ. ಕೆಲಸ ಕಲಸೋ ನಮ್ಮ ಮೌನಪ್ಪ ಕಾಕಾ ಚಕ್ಕಡಿ ಗಾಲಿಗೆ ಸುತ್ತೋ ಹಳಿ ತುಂಡೊಂದನ್ನ ಬೆಂಕಿಯಿಂದ ತಗದು ಆರಲಿ ಅಂತ ಬಾಜೂಕ ಇಟ್ಟಿದ್ರು. ಅದು ಇನ್ನೂ ಮಬ್ಬು ಕೆಂಪು ಇತ್ತಂತ. 'ಇತ್ತಂತ' ಯಾಕ ಅಂತೇನಿ ಅಂದ್ರ, ಆ ಕೆಂಪು ಓಣಿ ಮಂದಿಗೆಲ್ಲ ಕಂಡಿತ್ತು, ನಂಗ ಕಂಡಿರಲಿಲ್ಲ. ನನ್ನ ಕಣ್ಣಿಗೆ ಅದು ಆರಿದ ಕರೀ ಕಬ್ಬಿಣ.

ಗೋಕಾಕ ಪ್ಯಾಟಿ ಒಳಗಿಂದ ಹೊಳಿ ಕಡಿ ಓಡಿದೆ. ಮುಂದ ನಾನು, ಹಿಂದ ಹೊಗಿ. ರಸ್ತೇದಾಗ ನಿಂತ ಮಂದಿ ಬೆಳಗಾವಿ ಗಾಡಿ ಬಂತು ಅಂತ ಗಂಟು ಎತ್ತಿಕೊಂಡ್ರಂತ. ನೀರಾಗ ಕುಂತಾಗ ಎದ್ದ ಉಗಿ ಕೊಣ್ಣೂರ ತನಕ ಕಂಡಿತ್ತು ಅಂತ ನಾನ ಊರೆಲ್ಲಾ ಹೇಳಿಕೋತ ತಿರಗಿದೆ. ಸಂಜಿಕಿ ಹೊಳ್ಳಿ ಬಂದಾಗ ಕಾಕಾ ಕೇಳಿದ್ದು ಒಂದ ಮಾತು. "ಹೊಳಿ ಬತ್ತಿಲ್ಲಲ್ಲೋ?" ಮುಂದ ಭಾಳ ದಿನ ನಾ ನಿಂತ ಉಂಡೆ, ಬೋರಲ ಮಲಗಿದೆ.

ಮಂದಿ ಮುದುಕರಾದ ಮ್ಯಾಲ ರಿಟಾಯರ ಆಗ್ತಾರ. ನಾ ಮೂವತ್ತು ಮುಟ್ಟೂ ಮೊದಲ ಆಗಿ ಕುಂತೇನಿ. ಯಾರೂ ಹಾರ ಹಾಕಲಿಲ್ಲ, ಶಾಲು ಹೊದಸಲಿಲ್ಲ. ಈಗ ಕೊಣ್ಣೂರಾಗ ಒಂದು ಬೆಲ್ಲದ ಗೋದಾಮಿನಾಗ ಪೆಂಟಿ ತೂಗೋ ಕೆಲಸ. ಬಣ್ಣ ನೋಡಿ ಇದು ಚಲೋ ಬೆಲ್ಲ, ಇದು ಹಲಕಾ ಬೆಲ್ಲ ಅಂತ ಆರಿಸೋ ಕೆಲಸ ಮಾತ್ರ ಹಚ್ಚಬ್ಯಾಡ್ರಿ ಅಂತ ಮಾಲಕರಿಗೆ ಮೊದಲ ಹೇಳೇನಿ. ಮೊನ್ನೆ ಇಬ್ಬರು ಹುಡುಗೂರು ನನ್ನ ಹುಡುಕ್ಕೊಂಡು ಬಂದ್ರು. ಮೋಡಕಾಕ್ಕ ಬಿದ್ದ ಹಳೇ ಕಬ್ಬಿಣದಾಗ ನವಲು, ಬಳ್ಳಿ, ಕಿಡಕಿ ಜಾಳಿಗಿ ಮಾಡೋದು ಕಲೀತೇವಿ, ಆ ಕೆಲಸ ಹೆಂಗಿರ್ತೈತಿ ಹೇಳು ಅಂದ್ರು. ಕಲೀಬ್ಯಾಡ್ರಿ ಅಂದೆ. ನಕ್ಕರು. ನಾ ಏನ ಅಂದ್ರೂ ಮಂದಿ ನಗ್ತಾರ, ಅದು ನನ್ನ ಹಣೇಬಾರ. ಅದಕ್ಕ ಬರದ ಕೊಡಾಕತ್ತೇನಿ. ಹಾಳಿ ನೋಡಿ ನಗೋದು ಒಂದೀಟು ಕಷ್ಟ.

ನಮ್ಮದು ಕಲ್ಲೋಳಿ ಬಾಜೂ ಕುರಿ ಕಾಯೋ ಮನಿ. ನಮ್ಮ ಕುರಿಗೆ ಕೆಂಪು ಗುರ್ತು, ದೊಡ್ಡಪ್ಪನ ಕುರಿಗೆ ಹಸರು ಗುರ್ತು. ನಂಗ ಎರಡೂ ಒಂದ ನಮೂನಿ, ಒಣಗಿದ ಸಗಣಿ ಬಣ್ಣ. ದೊಡ್ಡಪ್ಪನ ಟಗರು ನಮ್ಮ ಹಟ್ಟಿಗೆ ಹೊಡಕೊಂಡು ಬರಾಂವ, ನಮ್ಮ ಕುರಿ ಅವರ ಹಟ್ಟಿಗೆ ಬಿಟ್ಟು ಬರಾಂವ. ಒಂದು ಸಲ ಆದ್ರ ಮರವು ಅಂತಾರ. ನಾ ಮತ್ತ ಮತ್ತ ಅದನ್ನ ಮಾಡಿದಾಗ ದೊಡ್ಡಪ್ಪ ಕಳ್ಳ ಅಂದ, ನಮ್ಮಪ್ಪ ಹುಚ್ಚ ಅಂದ. ನಿನ್ನ ಕೈಯಾಗ ಕುರಿ ಕೊಡೂದಕಿಂತ ಕುರಿ ಕೈಯಾಗ ನಿನ್ನ ಕೊಡೂದು ಚಲೋ ಅಂತ ಬೈದು, ಕುರಿ ಉಣ್ಣಿ ಕತ್ತರಸೋ ಕತ್ತರಿ ಮಾಡಿಸಿಕೊಳ್ಳೋ ಮೌನಪ್ಪ ಕಂಬಾರರ ಹತ್ರ ಗೋಕಾಕಕ್ಕ ಎಳಕೊಂಡು ಬಂದ. ಇವಗ ಏನರ ಕಲಸ್ರಿ, ಇಲ್ಲಾ ಬೆಂಕ್ಯಾಗ ಒಗೀರಿ ಅಂದ. ಎರಡೂ ಮಾಡ್ತೇನಿ ಬಿಡು ಅಂದ್ರು ಕಾಕಾ.

ಸ್ವಾತಂತ್ರ್ಯ ಬಂದು ಎರಡು-ಮೂರು ವರ್ಷ ಆಗಿದ್ದ ಮಾತು. ಕಾಕಾಗ ಮಕ್ಕಳಿರಲಿಲ್ಲ. ಮನ್ಯಾಗ ಅವರು, ಅವರ ಹೆಂಡತಿ ಕಾಳವ್ವ ಕಾಕು, ಇಬ್ಬರ. ಕಾಕಾನ ಹೆಸರು ಮಾತ್ರ ಮೂಡಲಗಿಯಿಂದ ಹುಕ್ಕೇರಿ ತನಕ ಇತ್ತು. ಬೆಂಕ್ಯಾಗ ಎರಡು ತುದಿ ಕಾಸಿ ಬಡದು ಒಂದ ಮಾಡ್ತಾರಲ್ಲ, ಬೆಸುಗಿ, ಅದರಾಗ ಅವರ ಕೈ ಮೀರಸಾವರಿರಲಿಲ್ಲ. ಲಗ್ನದ ಮಾತುಕತಿ ಕುಂತಾಗ ಹಿರ್ಯಾರು "ಮೌನಪ್ಪನ ಬೆಸುಗಿ ಆಗ್ಲಿ" ಅಂತಿದ್ರು. ಅಂದ್ರ ಬಿಡಬಾರದು ಅಂತ.

ಆವಾಗ ಕಬ್ಬಿಣ ಕಂಟ್ರೋಲಿನಾಗ ಇತ್ತು. ಹೊಸಾದು ಬೇಕಂದ್ರ ಪರಮಿಟ್ ಬೇಕು, ಪರಮಿಟ್ ಬರೂದರಾಗ ಕಿಡಕಿ ಮಾಡಸಾಂವ ಮುದುಕ ಆಗ್ತಿದ್ದ. ಅದಕ್ಕ ಎಲ್ಲಾ ಮೋಡಕಾದ ಮ್ಯಾಲ ನಡೀತಿತ್ತು. ಚಕ್ಕಡಿ ಹಳಿ, ಎತ್ತಿನ ನಾಲು, ಸವದ ಕುಂಟಿ ಕುಡ, ಪೀಪಾಯಿ ಪಟ್ಟಿ, ಕೀಲಿ ಕಳಕೊಂಡ ಕುಲಪ, ಬಾವಿ ಗಾಲಿ. ಹಿತ್ತಲದಾಗ ಇವು ತುಕ್ಕು ಹಿಡದು ಗುಡ್ಡ ಬಿದ್ದಿರ್ತಿದ್ವು. ಕಾಕಾ ಆ ಗುಡ್ಡದಾಗ ಕೈ ಹಾಕಿ, ಇದರಾಗ ನವಲಿನ ಕುತ್ತಿಗಿ ಐತಿ, ಇದರಾಗ ಬಳ್ಳಿ ಐತಿ ಅಂತ ತಗೀತಿದ್ರು. ಎತ್ತಿನ ನಾಲು ಹಿಗ್ಗಿಸಿದ್ರ ಕುತ್ತಿಗಿ. ಪೀಪಾಯಿ ಪಟ್ಟಿ ಉಳೀಲೆ ಸೀಳಿ ಬೀಸಣಿಕಿಯಂಗ ಹರವಿದ್ರ ಗರಿ. ಕಡೀಕ ಬಿಸಿ ಇದ್ದಾಗ ಕುಸುಬಿ ಎಣ್ಣಿ ತಿಕ್ಕಿದ್ರ ತುಕ್ಕು ಹೋಗಿ ಕರೀ ಮಿಂಚು ಬರ್ತಿತ್ತು. ಕಬ್ಬಿನ ರೊಕ್ಕ ಕಂಡ ಮನಿಯವರು ಹೊಸಾ ಮಾಳಗಿ ಕಟ್ಟಿಸಿ, ನಮ್ಮ ಕಿಡಕಿಗೆ ಎರಡು ನವಲು ಕೂಡಸ್ರಿ ಅಂತ ಬರ್ತಿದ್ರು.

ನೀವು ಕಲೀತೇನಿ ಅಂದ್ರ ಒಂದು ಮಾತು ನೆನಪಿಡ್ರಿ, ತುಕ್ಕಿಗೆ ಹೆದರಬ್ಯಾಡ್ರಿ, ಬೀಡಿಗೆ ಹೆದರ್ರಿ. ಎರಕದ ಕಬ್ಬಿಣಕ್ಕ ಬೀಡು ಅಂತಾರ. ಹಳೇ ಹಳಿ ಕಬ್ಬಿಣಕ್ಕ ಕಬ್ಬಿನಂಗ ನಾರು ಇರ್ತೈತಿ, ಕಾಸಿ ಬಡದ್ರ ಹೇಳಿದ ಮಾತು ಕೇಳ್ತೈತಿ. ಬೀಡಿಗೆ ನಾರಿಲ್ಲ. ನಾ ಒಂದು ಸಲ ಮುರದ ಗಾಣದ ಹಲ್ಲುಗಾಲಿ ತಗೊಂಡು, ಇದನ್ನ ಆನಿ ಮಾಡಿ ಕಾಕಾಗ ತೋರಸ್ತೇನಿ ಅಂತ ಕಾಸಿ ಕಾಸಿ ಚಮ್ಮಟಿಗಿ ಎತ್ತಿ ಹೊಡದೆ. ಹಪ್ಪಳ ಆದಂಗ ಆತು. ಒಂದು ಚೂರು ಬಾಜೂ ಮನಿ ಸಾರಿನ ಗಡಿಗ್ಯಾಗ ಬಿತ್ತು, ಒಂದು ಚೂರು ಕಾಕಾನ ರುಂಬಾಲ ಹಾರಿಸಿಕೊಂಡು ಹೋತು. ರುಂಬಾಲ ಹುಡುಕಿ ಝಾಡಿಸಿ ತಲಿಗೆ ಸುತ್ತಿಕೋತ ಕಾಕಾ, "ಕೆಲವು ಮಂದಿ ಹಿಂಗ ಇರ್ತಾರ ಬೀರ್ಯಾ, ಎಷ್ಟ ಕಾಸಿದ್ರೂ ಬಾಗೂದಿಲ್ಲ, ಬಡದ್ರ ಒಡೀತಾರ" ಅಂದ್ರು. ನನಗಂದ್ರೋ ಬೀಡಿಗಂದ್ರೋ ಇವತ್ತಿಗೂ ತಿಳದಿಲ್ಲ.

ಈಗ ಬಣ್ಣದ ಮಾತಿಗೆ ಬರ್ತೇನಿ. ಕಂಬಾರನ ವಿದ್ಯಾ ಎಲ್ಲಾ ಕಣ್ಣಾಗ ಐತಿ. ಕಬ್ಬಿಣ ಕಾದಂಗ ಬಣ್ಣ ಬದಲ ಮಾಡ್ತೈತಿ. ಕಾಕಾ ಒಂದೊಂದಕ್ಕ ಒಂದು ಹೆಸರು ಇಟ್ಟಿದ್ರು. ಮೊದಲ ಹುಣಸಿಬೀಜ, ಆಮ್ಯಾಲ ಕುಂಕುಮ, ಮುತ್ತಲ ಹೂವು, ಮಾವಿನಹಣ್ಣು, ಕಡೀಕ ಹಾಲು. ಬಾಗಿಸೂದು ಮುತ್ತಲಕ್ಕ, ಬೆಸುಗಿ ಹಾಲಿಗೆ. ನಂಗ ಇದರಾಗ ಹಾಲೊಂದು ತಿಳೀತಿತ್ತು, ಕಣ್ಣು ಕುಕ್ಕತೈತಿ ಅಂತ. ಹುಣಸಿಬೀಜ ಕಾಣ್ತಿರಲಿಲ್ಲ, ಕುಂಕುಮ ಅನ್ನೂದು ಹೆಂಗಸರ ಹಣೀ ಮ್ಯಾಲ ಇರ್ತೈತಂತ ಅಂತ ಕೇಳಿ ಗೊತ್ತಿತ್ತು. ಹೇಳಿದ್ರ ಮತ್ತ ಕುರಿ ಹಟ್ಟಿಗೆ ಕಳಸ್ತಾರ ಅಂತ ಹೇಳಲಿಲ್ಲ. ಕಾಕಾ ನೋಡಿಕೋತಿದ್ರು, ನಾ ಬಡೀತಿದ್ದೆ, ನಡೀತಿತ್ತು.

ಒಂದು ದಿನ ಕಾಕಾ ಇಕ್ಕಳದಾಗ ಹಿಡದದ್ದನ್ನ ಬಡಿಯೋ ಐರಣಿ ಮ್ಯಾಲ ಇಡೂ ಮೊದಲ, "ಬಣ್ಣ ಹೇಳೋ ಬೀರ್ಯಾ" ಅಂದ್ರು. ಪರೀಕ್ಷಾ ಮಾಡಾಕತ್ತಾರ ಅಂತ ತಿಳಕೊಂಡು, ಮುತ್ತಲ ಅಂದೆ, ಕಣ್ಣು ಮುಚ್ಚಿ ಹೊಡದ ಕಲ್ಲು. ಮರುದಿನಾನೂ ಕೇಳಿದ್ರು. ಆಮ್ಯಾಲ ದಿನಾ ಕೇಳಾಕತ್ರು. ಸುತ್ತಿಗಿ ಇಟ್ಟಲ್ಲೆ ಕೈ ಆಡಿಸಿ ಹುಡುಕೂದು, ಚಾದ ಬಸಿ ಗಾಳ್ಯಾಗ ಹಿಡಿಯೂದು ನಾ ನೋಡೇ ನೋಡಿದೆ. ಚೇಷ್ಟಿ ಮಾಡಾಕ ಒಂದು ಸಲ ಬಸಿ ಸರಿಸಿ ಇಟ್ಟೆ. ಅವರ ಕೈ ನೆಲದ ಮ್ಯಾಲ ಅದನ್ನ ಹುಡುಕಿಕೋತ ಹೋಗೂದು ನೋಡಿ ಬಸಿ ಹೊಳ್ಳಿ ಅವರ ಕೈಯಾಗ ಇಟ್ಟೆ.

ಅವತ್ತ ಹೇಳಿದ್ರು. ಇಡೀ ಜನ್ಮ ಬೆಂಕಿ ನೋಡಿ ಕಣ್ಣು ಬೆಂದು ಹೋಗ್ಯಾವು, ಎದುರಿಗೆ ಬರೇ ಮಂಜು. ಇದು ಊರಿಗೆ ಗೊತ್ತಾದ್ರ ಮರುದಿನಾನ ಕುಲಮಿ ಆರ್ತೈತಿ, ಕುರುಡನ ಹತ್ರ ಯಾರು ಕೆಲಸ ತರ್ತಾರ. "ಬೆಂಕಿ ಆರಿದ್ರ ನಾನೂ ಆರ್ತೇನೋ. ಇನ್ನ ಮ್ಯಾಲ ನೀನ ನನ್ನ ಕಣ್ಣು" ಅಂದ್ರು.

ನೋಡ್ರಿ, ಊರಾಗ ಎಷ್ಟ ಮಂದಿಗೆ ಎಷ್ಟ ಜೋಡಿ ಕಣ್ಣಿದ್ವು, ಅವರಿಗೆ ಸಿಕ್ಕಿದ್ದು ನನ್ನವು. ಇಂಥಾ ಚೇಷ್ಟಿ ನಂಗೂ ಹೊಳದಿರಲಿಲ್ಲ, ಆ ದೇವರಿಗೆ ಹೊಳೀತು. ಹೇಳಬೇಕು ಅಂತ ಬಾಯಿ ತಗದೆ. ಹೇಳಿದ್ರ ಬೆಂಕಿ ಆ ಹೊತ್ತಿಗೇ ಆರ್ತಿತ್ತು. ಬಾಯಿ ಮುಚ್ಚಿಕೊಂಡು, ಹೂಂನ್ರಿ ಕಾಕಾ ಅಂದೆ.

ಅವತ್ತಿನಿಂದ ಇಬ್ಬರೂ ಕೂಡಿ ಊರ ಮಂದಿಗೆ ಮೋಸ ಮಾಡಿದ್ವಿ, ಒಬ್ಬರಿಗೊಬ್ಬರು ಮೋಸ ಮಾಡಿಕೊಂಡ್ವಿ. ಬಣ್ಣ ಹೇಳೋ ಅಂದ್ರ ಹೇಳಿಬಿಡ್ತಿದ್ದೆ. ಸುಳ್ಳು ಹೇಳಬೇಕಂದ್ರ ಜೋರಾಗಿ ಹೇಳಬೇಕು, ಇದು ಕಂಬಾರಕಿಗಷ್ಟ ಅಲ್ಲ, ಎಲ್ಲಾದಕ್ಕೂ ಉಪಯೋಗ ಬೀಳ್ತೈತಿ. ಮೂಡಲಗಿ ಕಲ್ಲು ಒಡೆಯಾವರು ಉಳಿಗಳಿಗೆ ನೀರು ಕುಡಸ್ರಿ ಅಂತ ತಂದಿದ್ರು. ಕಾಸಿ ನೀರಾಗ ಅದ್ದಿ, ಮತ್ತ ಹದಾ ಬಿಡಬೇಕು, ಆವಾಗ ತುದ್ಯಾಗ ಸಣ್ಣ ಬಣ್ಣ ಓಡ್ತಾವಂತ, ಬಂಗಾರದ್ದು, ನೇರಳಿಹಣ್ಣಿಂದು. ನಾ ಬಂಗಾರ ಅಂದಿದ್ದು ಯಾವದಿತ್ತೋ, ನೇರಳಿ ಅಂದಿದ್ದು ಯಾವದಿತ್ತೋ. ಅರ್ಧಾ ಉಳಿ ಕಾಜಿನಂಗ ಮುರದ್ವು, ಇನ್ನರ್ಧಾ ಮೇಣದಂಗ ಮಡಚಿಕೊಂಡ್ವು. ಮುರದ ಉಳಿ ಚೀಲದಾಗ ತುಂಬಿಕೊಂಡು ಬಂದು ಕಲ್ಲಕುಟಿಗ್ಯಾ ನನ್ನ ಕಾಲ ಮ್ಯಾಲ ಸುರವಿದ. ನಾ ಅವನ ಕಲ್ಲೇ ಸರಿಯಿಲ್ಲ ಅಂತ ವಾದಕ್ಕ ನಿಂತೆ. ಕಾಕಾ ನನ್ನ ತಡದು, ಕೈ ಮುಗದು, ಎಲ್ಲಾ ಹೊಸದಾಗಿ ಮಾಡಿಕೊಟ್ರು.

ಆಮ್ಯಾಲ ನಾ ಒಂದು ಉಪಾಯ ಮಾಡಿದೆ. ಸಂತ್ಯಾಗ ಹಾಡು ಹಚ್ಚೋ ಒಡದ ಭೋಂಗಾ ಒಂದು ಸಿಕ್ತು, ಅದರ ಹಿಂದ ಚುಂಬಕ ಇರ್ತೈತಿ. ಕಬ್ಬಿಣ ಹದಕ್ಕ ಕಾಯ್ತಂದ್ರ ಚುಂಬಕ ಅದನ್ನ ಎಳಿಯೂದಿಲ್ಲ. ಇದನ್ನ ಯಾರೂ ಕಲಸಲಿಲ್ಲ, ಚುಂಬಕ ಕೈ ಜಾರಿ ಬೆಂಕ್ಯಾಗ ಬೀಳಿಸಿಕೊಂಡು ಕಲತದ್ದು. ಇನ್ನೊಂದು ಹುಡುಕಿ ತಂದು ಉದ್ದನ ತಂತಿಗೆ ಕಟ್ಟಿ ಕಾಕಾನ ಕೈಯಾಗ ಕೊಟ್ಟೆ. ಮುಟ್ಟಿಸಿ ನೋಡ್ರಿ, ಅಂಟಲಿಲ್ಲ ಅಂದ್ರ ಹದಾ ಬಂತು ಅಂದೆ. ಅವರು ಅಂಟಿಸಿದ್ರು, ಬಿಡಿಸಿದ್ರು, ಮತ್ತ ಅಂಟಿಸಿದ್ರು. ಆಮ್ಯಾಲ, ಬಣ್ಣ ಕಾಣದಾವರಿಗೆ ಇದು ಚಲೋ ಆತು ಬಿಡು ಅಂದ್ರು. ತಮ್ಮ ಬಗ್ಗೆ ಅಂದ್ರೋ, ನನ್ನ ಬಗ್ಗೆ ಅಂದ್ರೋ. ನಾ ಕೇಳಲಿಲ್ಲ.

ಬೆಸುಗಿಗೆ ಮಾತ್ರ ಚುಂಬಕ ನಡಿಯೂದಿಲ್ಲ. ಎರಡು ತುದಿ ಕಾಸಿ ಮ್ಯಾಲ ಸಣ್ಣ ಉಸುಕು ಉದರಸ್ತಾರ. ಉಸುಕು ಕರಗಿ ಕಬ್ಬಿಣ ಪಾಕ ಹಚ್ಚಿದಂಗ ಹಸೀ ಆಗ್ತೈತಿ. ಆಮ್ಯಾಲ ಚಿರ್ ಚಿರ್ ಅಂತ ಸಣ್ಣ ಕಿಡಿ ಹಾರಾಕತ್ತಾವ. ಆ ಚಿರ್ ಅನ್ನೂದನ್ನ ನಾ ಕಿವೀಲೆ ಹಿಡೀತಿದ್ದೆ, ಹಾಲು ಕಾಕಾ, ಬಡೀರಿ ಅಂತಿದ್ದೆ. ಅವರ ಸುತ್ತಿಗಿ ಒಂದ ಗೆರೀ ತಪ್ಪಲಾರದ ಬೀಳ್ತಿತ್ತು. ಕಣ್ಣು ಹೋದ್ರೂ ಕೈ ಹೋಗಿರಲಿಲ್ಲ. ಬೆಸುಗಿ ಹಿಡೀತಿತ್ತು. ಖರೆ, ಪ್ರತಿ ಸಲ ನನ್ನ ಎದಿ ತಿದಿಯಂಗ ಉಬ್ಬಿ ಇಳೀತಿತ್ತು.

ಹಿಂಗ ವರ್ಷಗಟ್ಟಲೆ ನಡೀತು. ಅಷ್ಟರಾಗ ಗೋಕಾಕಕ್ಕ ವೆಲ್ಡಿಂಗ್ ಬಂತು. ಪ್ಯಾಂಟು ಹಾಕಿದ ಹುಡುಗ, ಕೈಯಾಗ ಕಡ್ಡಿ, ಚಟ್ ಅಂದ್ರ ಎರಡು ಸರಳು ಒಂದ ಆದ್ವು. ಇದ್ದಲಿ ಬ್ಯಾಡ, ತಿದಿ ಬ್ಯಾಡ, ಉಸುಕು ಬ್ಯಾಡ. ನವಲು ಬೇಕಂದ್ರ ತಗಡು ಕತ್ತರಿಸಿ ಅಂಟಿಸಿಬಿಡಾಂವ, ಅದು ಕೋಳಿಯಂಗ ಕಾಣ್ತಿತ್ತು, ಆದ್ರೂ ಮಂದಿ ಅಲ್ಲೇ ಹೋದ್ರು. ಕಾಕಾ ಒಂದಿನ ನನ್ನ ಹೆಗಲ ಹಿಡಕೊಂಡು ಅಲ್ಲಿಗೆ ಬಂದ್ರು. ಎಲ್ಲಾರೂ ಮಾರಿ ತಿರವಿ ನಿಂತಾರ, ಇವರು ಕಣ್ಣು ಅಗಲ ತಗದು ಆ ನೀಲಿ ಬೆಳಕಿಗೇ ನೋಡಾಕತ್ರು. ಎಳದ್ರೂ ಬರಲಿಲ್ಲ. "ಕಾಣ್ತೈತೋ ಬೀರ್ಯಾ, ಇದೊಂದು ನಂಗ ಕಾಣ್ತೈತಿ" ಅಂದ್ರು. ಮೂರು ದಿನ ಕಣ್ಣಿಗೆ ಹಸೀ ಅರಿವಿ ಕಟ್ಟಿಕೊಂಡು ಬಿದ್ದಿದ್ರು. ಎದ್ದ ಮ್ಯಾಲ ಇದ್ದ ಮಂಜೂ ಇರಲಿಲ್ಲ.

ಕೆಲಸ ನಿಂತಂಗ ಆದಾಗ ಹುಕ್ಕೇರಿಯಿಂದ ಕರೆ ಬಂತು. ಅಲ್ಲಿ ವಕೀಲರೊಬ್ಬರ ತಾಯಿ, ಗೌರವ್ವ ಆಯಿ. ಹಳೇ ಮನಿ ಕೆಡವಿ ಹೊಸಾದು ಕಟ್ಟಿಸಿದ್ರು. ಮಾಳಗಿ ಮ್ಯಾಲಿನ ಹಳೇ ಕಬ್ಬಿಣ ಎಲ್ಲಾ ವಕೀಲರು ಮೋಡಕಾಕ್ಕ ಹಾಕಾಕ ಹೊಂಟಿದ್ರಂತ, ಆಯಿ ಅಡ್ಡ ಕುಂತ್ರಂತ. ಅವರ ಗಂಡನ ಟಾಂಗಾದ ಹಳಿ, ಬಾವಿ ಗಾಲಿ, ವಕೀಲರನ್ನ ತೂಗಿದ ತೊಟ್ಟಿಲಿನ ಕೊಕ್ಕಿ, ಎಲ್ಲಾ ಕೂಡಿಸಿ ಪಡಸಾಲಿಗೆ ಒಂದು ತೂಗುಮಂಚದ ಸರಪಳಿ ಮಾಡಿಕೊಡ್ರಿ, ನಡುವ ನವಲು, ಆನಿ, ಗಿಳಿ ಇರ್ಲಿ. ಸ್ವಸಿ ಬಸರಿ, ಅಕಿ ಕುಬಸ ಆ ಮಂಚದ ಮ್ಯಾಲ ಆಗಬೇಕು ಅಂದ್ರು. ನಾ ಹಳಿ ತುಕ್ಕು ತಿಕ್ಕಾಕ ಹೋದ್ರ ಆಯಿ ನನ್ನ ಕೈ ಹಿಡದು, ಹಗರಕ ತಿಕ್ಕೋ, ಅದಕ್ಕ ನಮ್ಮ ಮನಿಯವರ ಕೈ ಹತ್ತೇತಿ ಅಂದ್ರು. ಅಷ್ಟು ವರ್ಷದಾಗ ಮೋಡಕಾನ ಮಾತಾಡಿಸಿದವರನ್ನ ನಾ ನೋಡಿದ್ದು ಅವರೊಬ್ಬರನ್ನ.

ಚಕ್ಕಡಿ ಹೇರಿಕೊಂಡು ಗೋಕಾಕಕ್ಕ ತಂದ್ವಿ. ಕಾಕಾಗ ಜೀವ ಬಂತು. ಇದೊಂದು ಕೆಲಸ ಬಿಡಲಾರದಂಗ ಆತಂದ್ರ ಮುಂದ ಹತ್ತು ಮನಿಯವರು ಬರ್ತಾರ, ಬೆಂಕಿ ಉಳೀತೈತಿ ಅಂತ ದಿನಾ ಅಂತಿದ್ರು. ಒಂದೊಂದು ಕೊಂಡಿಗೂ ನಾ ಬಣ್ಣ ಹೇಳಿದೆ, ಅವರು ಬಡದ್ರು, ಕಾಕು ತಿದಿ ಒತ್ತಿದ್ರು. ಆನಿ ಸೊಂಡಿಲು ನಾ ಎಡಕ್ಕೊಂದು ಬಲಕ್ಕೊಂದು ಮಾಡಬೇಕಾಗಿತ್ತು, ಎರಡೂ ಎಡಕ್ಕ ಮಾಡಿದೆ. ಇರ್ಲಿ, ಜೋಡಿ ಆನಿ ಒಂದ ಕಡಿ ನೋಡಾಕತ್ತಾವ ಅಂತ ಕಾಕಾ ಕೈ ಆಡಿಸಿ ನಕ್ಕರು. ಅವರು ನಕ್ಕಿದ್ದು ನಾ ಕಂಡಿದ್ದು ಅದ ಕಡೀಸಲ.

ಕುಬಸದ ದಿನ ನಮಗೂ ಹೇಳಿ ಕಳಿಸಿದ್ರು. ಮಂಚಕ್ಕ ಹೂವು ಕಟ್ಟಿದ್ರು. ನವಲಿನ ಗರಿ ಎಣ್ಣಿ ತಿಂದು ಕರ್ರಗ ಮಿಂಚತಿದ್ವು. ಬಂದವರೆಲ್ಲ ಮೂಗಿನ ಮ್ಯಾಲ ಬಟ್ಟಿಟ್ಟು ನೋಡೂದು ನಾ ಕಾಕಾನ ಕಿವ್ಯಾಗ ಹೇಳಾಕತ್ತಿದ್ದೆ, ಒಂದಕ್ಕ ಎರಡು ಸೇರಿಸಿ. ಸ್ವಸಿ ಕುಂದ್ರಾಕ ಅಂಜಿದ್ಲು. ಆಯಿ, ಅಂಜಬ್ಯಾಡ ತಂಗಿ, ನೋಡು, ಮೊದಲ ನಾ ಕುಂದರ್ತೇನಿ ಅಂತ ಕುಂತು ಕಾಲಲೆ ನೆಲಾ ಒದ್ದರು. ಒಂದು ಸಲ ಹೋಗಿ ಬಂತು. ಎರಡನೇ ಸಲ ಟಕ್ ಅಂತ ಸಣ್ಣ ಸಪ್ಪಳ ಆತು. ಬಂದ ಮಂದಿ ಯಾರೂ ಅದನ್ನ ಕೇಳಲಿಲ್ಲ. ಕಾಕಾ ಕುಂತಲ್ಲೆ ಎದ್ದು ನಿಂತಿದ್ರು.

"ಬೆಸುಗಿ ಬಿಡ್ತು" ಅಂದ್ರು.

ಆಮ್ಯಾಲ ಮಂಚ ಬಿದ್ದ ಸಪ್ಪಳ.

ಆಯಿ ಟೊಂಕ ಮುರೀತು. ಸ್ವಸಿಗೆ ಏನೂ ಆಗಲಿಲ್ಲ, ಅಷ್ಟ ಪುಣ್ಯಾ. ಡಾಕ್ಟರ್ ಬಂದು ಹೋದ ಮ್ಯಾಲ ವಕೀಲರು ಜಗಲಿಗೆ ಬಂದ್ರು, ಬಿಟ್ಟ ಕೊಂಡಿ ಅವರ ಕೈಯಾಗಿತ್ತು. ಬೈತಾರ ಅಂತ ತಯಾರಾಗಿ ನಿಂತಿದ್ದೆ. ಬೈಯಲಿಲ್ಲ. ಕೊಂಡಿ ನಂಗೂ ತೋರಿಸಿದ್ರು. ಎರಡೂ ತುದಿ ಒಳಗ ಬೆರತಿರಲೇ ಇಲ್ಲ, ಬರೇ ಮ್ಯಾಲ ಮ್ಯಾಲ ಅಂಟಿಕೊಂಡಿದ್ವು. ಹಾಲಿಗೆ ಬರೂ ಮೊದಲ ಬಡದದ್ದು. ನೋಡಿದ ಕೂಡಲೇ ನಂಗ ತಿಳೀತು, ಇದು ನನ್ನ ಕಣ್ಣಿನ ಕೆಲಸ. ಇಷ್ಟು ವರ್ಷ ಕಿವೀಲೆ ಬಣ್ಣ ಹೇಳಿದವನ ಕಿವಿ ಒಂದು ಸಲ ತಪ್ಪೇತಿ.

"ಮೌನಪ್ಪ, ಇದು ನಿಮ್ಮ ಕೈದೇನು?" ಅಂತ ವಕೀಲರು ಕೇಳಿದ್ರು.

ಕಾಕಾನ ತುಟಿ ಅಲ್ಲಾಡಿದ್ವು. ಮಾತು ಬರಾಕ ಮೊದಲ ನಾ ಅಂದೆ. "ನಂದ್ರಿ. ಆ ಕೊಂಡಿ ನಾನ ಬೆಸದಿದ್ದೆ. ಕಾಕಾ ಅದನ್ನ ಮುಟ್ಟಿಲ್ಲ. ಕಾದ ಕಬ್ಬಿಣದ ಮ್ಯಾಲ ಕುಂತ ಮಗ ರೀ ನಾ, ನನ್ನ ಕೈಯಾಗ ಕೊಟ್ಟದ್ದ ಅವರ ತಪ್ಪು."

ಯಾರೂ ನಗಲಿಲ್ಲ. ನಾ ಬಾಯಿ ತಗದು ಮಂದಿ ನಗಲಾರದ್ದು ಅದ ಮೊದಲ ಸಲ. ಕಾಕಾ ತಡಕಾಡಿ ನನ್ನ ಹತ್ರ ಬಂದ್ರು. ಹೆಗಲ ಹಿಡಕೊಂಡು ನಡದ್ರು. ಗೋಕಾಕ ಬರೂ ತನಕ ಬಸ್ಸಿನಾಗ ಅವರ ಕೈ ನನ್ನ ಹೆಗಲ ಮ್ಯಾಲ ಹಂಗ ಇತ್ತು.

ಮೂರು ದಿನಕ್ಕ ಸುದ್ದಿ ಮೂಡಲಗಿ ಮುಟ್ತು. ಹುಕ್ಕೇರಿ ಸಂತ್ಯಾಗ ಲಗ್ನದ ಮಾತು ಆಡಾವರು "ಬೀರ್ಯಾನ ಕೊಂಡಿ ಆಗಬಾರದಪಾ" ಅನ್ನಾಕ ಹತ್ರಂತ. ದೊಡ್ಡ ದೊಡ್ಡ ಮಂದಿ ಹೆಸರು ಕಲ್ಲಾಗ ಕೆತ್ತಸ್ತಾರ. ನನ್ನ ಹೆಸರು ಮಂದಿ ಬಾಯಾಗ ಉಳೀತು. ಊರೂರಿಗೆ ಹೋಗಿ ಬರಾವರು ಹೇಳಿದಾಗೆಲ್ಲ ನಾನೂ ನಕ್ಕೆ, ಎಲ್ಲಾರಕಿಂತ ಜೋರಾಗಿ.

ನಾ ಒಮ್ಮೆ ಆಯೀನ ನೋಡಾಕ ಹೋಗಿದ್ದೆ. ಬಾಗಲದಾಗ ನಿಂತೆ, ಒಳಗ ಹೋಗಾಕ ಕಾಲ ಬರಲಿಲ್ಲ. ಆಯಿ ತಾವಾಗೇ ಕರದ್ರು. ನವಲಿಗೆ ಏನೂ ಆಗಿಲ್ಲಲ್ಲಾ ಅಂತ ಕೇಳಿದ್ರು. ಇಲ್ರಿ ಅಂದೆ. ಅವರು ಆ ಹಾಸಿಗಿ ಬಿಟ್ಟು ಏಳಲಿಲ್ಲ, ಮಳಿಗಾಲ ಮುಗಿಯೂ ಮೊದಲ ಹೋದ್ರು.

ಕಾಕಾ ನನ್ನ ಮ್ಯಾಲ ಸಿಟ್ಟಾಗಲಿಲ್ಲ. ಆದ್ರ ಅವತ್ತಿನಿಂದ ಬಣ್ಣ ಹೇಳೋ ಅಂತ ಒಂದ ಸಲನೂ ಅನ್ನಲಿಲ್ಲ. ಮುಂಜಾನೆ ಎದ್ದು ಕುಲಮಿ ಮುಂದ ಕುಂದರ್ತಿದ್ರು, ಬೆಂಕಿ ಹಚ್ಚತಿರಲಿಲ್ಲ. ಹಚ್ಚಲೇನ್ರಿ ಅಂದ್ರ, ಇರ್ಲಿ ತಗೋ ಅಂತಿದ್ರು. ನನ್ನ ಕಣ್ಣಿನ ಮ್ಯಾಲಿನ ಇಸ್ವಾಸ ಹೋತು ಅಂತ ತಿಳಕೊಂಡೆ. ಬೈದಿದ್ರ ತಡಕೋತಿದ್ದೆ. ಒಂದು ದಿನ ಇಕ್ಕಳ ಅದರ ಗೂಟಕ್ಕ ಹಾಕಿ ಹೊರಗ ಬಂದೆ, ಮತ್ತ ಹೋಗಲಿಲ್ಲ. ವರ್ಷ ತುಂಬೂದರಾಗ ಕಾಕಾ ತೀರಿಕೊಂಡ್ರು. ಮಣ್ಣಿಗೆ ಹೋಗಿ ಹಿಂದ ನಿಂತು ಬಂದೆ.

ಈ ಗೋದಾಮಿನ ಬಾಜೂ ಒಂದು ಮೋಡಕಾ ಅಂಗಡಿ ಐತಿ. ಹೊಸಾ ಜಾಳಿಗಿ ಹಾಕಸಾವರು ಹಳೇದನ್ನ ಅಲ್ಲಿ ತಂದು ಒಗೀತಾರ. ನಾ ಮಾಡಿದ ನವಲು ಬರ್ತಾವ, ತಕಡಿಗೆ ಏರ್ತಾವ, ಇಳೀತಾವ. ಅಂಗಡಿಯವ ನನ್ನ ಕರದು, ಲೇ ಬೀರ್ಯಾ, ನಿನ್ನ ಮಕ್ಕಳು ಬಂದಾರ ಅಂತಾನ. ನಾ ಹೋಗಿ, ಆರಾಮಿದ್ದೀರೇನ್ರಪಾ ಅಂತ ಮಾತಾಡಿಸಿ ಬರ್ತೇನಿ. ಆ ಹುಡುಗೂರಿಗೆ ಕಲೀಬ್ಯಾಡ್ರಿ ಅಂದಿದ್ದು ಇದಕ್ಕ. ಕಬ್ಬಿಣ ಏನ ಮಾಡಿದ್ರೂ ಕಡೀಕ ಅದ ಗುಡ್ಡಕ್ಕ ಹೊಳ್ಳಿ ಬರ್ತೈತಿ. ನಡುವ ನಾವು ಕೈ ಸುಟ್ಟುಕೋತೇವಿ, ಅಷ್ಟ.

ಮುಗಿಸಿಬಿಡ್ತಿದ್ದೆ. ಆದ್ರ ಇಷ್ಟು ಬರದ ಮ್ಯಾಲ ನಿನ್ನೆ ಕಾಳವ್ವ ಕಾಕು ಗೋದಾಮಿಗೆ ಬಂದಿದ್ರು. ಈಗ ಕೊಣ್ಣೂರಾಗ ತಮ್ಮನ ಮನ್ಯಾಗ ಇರ್ತಾರ, ಬೆಲ್ಲಕ್ಕ ಬಂದಿದ್ರು. ಪೆಂಟಿ ಕಟ್ಟಿ ಕೊಟ್ಟೆ. ತಗೊಂಡು ಹೋಗಲಿಲ್ಲ. ಚೀಲದ ಮ್ಯಾಲ ಕುಂತ್ರು. ನಾ ಏನೋ ಚೇಷ್ಟಿ ಮಾತು ತಗದೆ, ಬೀರ್ಯಾನ ಕೊಂಡಿ ಅಂತ. ಕಾಕು ನನ್ನ ಬಾಯಿ ಮ್ಯಾಲ ಕೈ ಇಟ್ಟರು.

"ಅದು ನಿಂದಲ್ಲಪಾ. ನೀ ಇದ್ದಲಿ ತರಾಕ ಮೂಡಲಗಿಗೆ ಹೋಗಿದ್ದಿ. ನಿನ್ನ ಕಾಕಾ ಸರಪಳಿ ಎಳದು ಎಳದು ನೋಡಾಕತ್ತಾಗ ಒಂದು ಕೊಂಡಿ ಬಾಯಿ ಬಿಟ್ಟಂಗ ಅನಿಸ್ತಂತ. ನೀ ಬರ್ಲಿ ಅಂದೆ, ಕೇಳಲಿಲ್ಲ. ಒಂದನ್ನರ ನಾ ಒಬ್ಬನ ಮಾಡಿ ನೋಡ್ತೇನಿ ಅಂದ್ರು. ನಾ ತಿದಿ ಒತ್ತಿದೆ. ಬಣ್ಣ ಹೆಂಗೈತಿ ಹೇಳ ಅಂತ ನನ್ನ ಕೇಳಿದ್ರು. ಜನ್ಮದಾಗ ನನ್ನ ಒಂದು ಮಾತು ಕೇಳದಾವರು. ನಾ ಬೆಂಕಿ ಎಲ್ಲೆ ನೋಡ್ಲಿ, ಅವರ ಮಾರಿ ನೋಡಿದೆ. ಹಾಲಿನಂಗ ಆಗೇತಿ, ಬಡೀರಿ ಅಂದುಬಿಟ್ಟೆ. ಅವತ್ತ ಜಗಲಿ ಮ್ಯಾಲ ನಂದು ಅನ್ನಾಕ ಬಾಯಿ ತಗದಿದ್ರು, ನೀ ಮೊದಲ ಅಂದಿ. ಆಮ್ಯಾಲ ಖರೆ ಹೇಳೂದು ಅವರ ಕಡಿಂದ ಆಗಲಿಲ್ಲ. ನನ್ನ ಕಡಿಂದನೂ ಆಗಲಿಲ್ಲ. ತಮ್ಮ ಕೈ ಕೆಟ್ಟಿತು ಅಂತ ತಿಳಕೊಂಡ ಹೋದ್ರೋ ಬೀರಪ್ಪ. ಅವರ ಕೈ ಕೆಟ್ಟಿರಲಿಲ್ಲ."